ಐದನೇ ಸುತ್ತಿನ ದನಿ

ರಾತ್ರಿಯಿಡೀ ಗುಡ್ಡಗಾಡಿನಲ್ಲಿ ಓಡುವವರ ಬಗ್ಗೆ ಜನರಿಗೆ ಅದೇನೋ ಗೌರವ. ಅದನ್ನು ಮೊದಲೇ ಇಳಿಸಿಬಿಡುತ್ತೇನೆ. ಎಪ್ಪತ್ತೈದು ಕಿಲೋಮೀಟರ್ ಓಟವೆಂದರೆ ಅರ್ಧ ನಡಿಗೆ, ಕಾಲು ಭಾಗ ಶೂ ಬಿಚ್ಚಿ ಕಲ್ಲು ಕೊಡವುವುದು, ಉಳಿದ ಕಾಲು ಭಾಗ ಪೊದೆಯ ಹಿಂದೆ ನಿಂತು ನಾನ್ಯಾಕೆ ಹೆಸರು ಕೊಟ್ಟೆ ಎಂದು ಯೋಚಿಸುವುದು. ಜೆ.ಪಿ. ನಗರದ ನಮ್ಮ ಮನೆಯ ಬಾಲ್ಕನಿಯಿಂದ ಒಮ್ಮೆ ನನ್ನ ಓಟ ನೋಡಿದ ಅಮ್ಮ, "ಬಸ್ ತಪ್ಪಿಸ್ಕೊಂಡೋನ್ ಥರ ಓಡ್ತೀಯಲ್ಲೋ, ಅದೂ ರಾಂಗ್ ಬಸ್ಸು" ಎಂದಿದ್ದಳು. ಅಮ್ಮನ ಆ ದನಿಯನ್ನೂ ನಾನು ಮಾಡುತ್ತೇನೆ. ಮಾಡಿದರೆ ಒಳಗಿನ ಕೋಣೆಯಿಂದ ಅಪ್ಪ "ಏನೇ?" ಎನ್ನುತ್ತಾರೆ.

ದನಿ ಮಾಡುವುದು ನನ್ನ ಚಟ. ಕೆಲಸ ಜಯನಗರದ ಒಂದು ಶೂ ಅಂಗಡಿಯಲ್ಲಿ. ಗಿರಾಕಿಗಳು ಕಾಲು ತೋರಿಸುತ್ತಾರೆ, ನಾನು ಅವರ ಬಾಯಿ ನೋಡುತ್ತಿರುತ್ತೇನೆ. ಅವರು ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡ ಮರುಕ್ಷಣ ಅಂಗಡಿಯೊಳಗೆ ಅವರು ಇನ್ನೊಮ್ಮೆ ಬಂದಿರುತ್ತಾರೆ, ನನ್ನ ಗಂಟಲಲ್ಲಿ. ಇದರಲ್ಲೊಂದು ಅನನುಕೂಲವಿದೆ. ಏನಾದರೂ ಗಂಭೀರವಾದದ್ದು ಹೇಳಬೇಕಾಗಿ ಬಂದರೆ ನನ್ನ ಬಾಯಿ ತಪ್ಪಿಸಿಕೊಂಡು ಬೇರೆ ಯಾರದೋ ದನಿಗೆ ಓಡಿಹೋಗುತ್ತದೆ. ಕಾಲೇಜಿನಲ್ಲಿ ಒಬ್ಬಳಿಗೆ ಇಷ್ಟ ಎಂದು ಹೇಳಹೋಗಿ ಮೆಟ್ರೋದ ಪ್ರಕಟಣೆಯ ದನಿಯಲ್ಲಿ ಹೇಳಿದೆ. ಬಾಗಿಲುಗಳು ಎಡಗಡೆಗೆ ತೆರೆದುಕೊಂಡವು, ಅವಳು ಇಳಿದು ಹೋದಳು.

ಅಂಕಲ್ ಸಿಕ್ಕಿದ್ದು ಅಂಗಡಿಯಲ್ಲೇ. ನೀರು ಸರಬರಾಜಿನ ಕೆಲಸದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಶೂವನ್ನು ಪೈಪಿನಂತೆ ಬಗ್ಗಿಸಿ, ಒಳಗೆ ಒಂದು ಕಣ್ಣಿಟ್ಟು ನೋಡಿ ಕೇಳಿದರು, "ಎಷ್ಟು ಕಿಲೋಮೀಟರ್ ಬರತ್ತಪ್ಪಾ ಇದು?"

"ಆರ್ನೂರು ಬರತ್ತೆ ಸಾರ್."

"ಬರೆದು ಕೊಡು."

ಬಿಲ್ಲಿನ ಹಿಂದೆ ಬರೆದುಕೊಟ್ಟೆ. ನಾಲ್ಕು ತಿಂಗಳ ಮೇಲೆ ಅದೇ ಶೂ ಹಿಡಿದು ಬಂದರು. "ಆರ್ನೂರಾ ಹದಿನೆಂಟು ಬಂತು. ನೀನೂ ಓಡ್ತೀಯೋ, ಬರೀ ಮಾರ್ತೀಯೋ?" ಮಾರಾಟಗಾರನ ಮಾನ ಉಳಿಸಿಕೊಳ್ಳಲು ಓಡುತ್ತೇನೆ ಎಂದೆ. ಮುಂದಿನ ಭಾನುವಾರ ಬೆಳಗ್ಗೆ ಐದೂವರೆಗೆ ಅವರ ಗುಂಪಿನ ಜೊತೆ ನಿಂತಿದ್ದೆ. ಎರಡನೇ ಕಿಲೋಮೀಟರಿಗೆ ನನಗೆ ಉಸಿರು ಸಿಕ್ಕಿಕೊಂಡಾಗ ಅವರು ಪಕ್ಕದಲ್ಲೇ ಓಡುತ್ತಾ, ಈ ರಸ್ತೆಯ ಕೆಳಗೆ ಎಷ್ಟು ಇಂಚಿನ ಪೈಪ್ ಹೋಗುತ್ತದೆ, ವಾಲ್ವ್ ಎಲ್ಲಿದೆ ಎಂದೆಲ್ಲ ವಿವರಿಸುತ್ತಿದ್ದರು. ಜಯನಗರದ ನೆಲದ ಮೇಲಿನದಕ್ಕಿಂತ ನೆಲದಡಿಯ ಸಂಗತಿ ಅವರಿಗೆ ಹೆಚ್ಚು ಗೊತ್ತಿತ್ತು.

ನಮ್ಮ ಗುಂಪಿನಲ್ಲೊಂದು ಪದ್ಧತಿ. ಭಾನುವಾರದ ಉದ್ದ ಓಟ ಮುಗಿದ ಮೇಲೆ ದರ್ಶಿನಿಯ ಕಲ್ಲಿನ ಟೇಬಲ್ ಸುತ್ತ ನಿಂತು ಇಡ್ಲಿ ವಡೆ ತಿನ್ನುವಾಗ ನಾನು ಅವತ್ತಿನ ಓಟದ 'ವಾರ್ತೆ' ಓದಬೇಕು. ಯಾರು ಎಲ್ಲಿ ಕುಂಟಿದರು, ಯಾರು ಟ್ರಾಫಿಕ್ ಸಿಗ್ನಲ್ ನೆಪ ಮಾಡಿಕೊಂಡು ನಿಂತರು, ಎಲ್ಲ ಅವರವರ ದನಿಯಲ್ಲೇ. ಅದರಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಆಂಟಿಯ ದನಿಗೆ.

ಆಂಟಿ ಎಂದರೆ ಅಂಕಲ್ ಹೆಂಡತಿ. ಅವರು ಓಡುತ್ತಿರಲಿಲ್ಲ, ಫೋನ್ ಮಾಡುತ್ತಿದ್ದರು. ಅಂಕಲ್ ಸೊಂಟದ ಚೀಲದಲ್ಲಿ ಫೋನ್ ಇಟ್ಟು, ಸ್ಪೀಕರ್ ಹಾಕಿಕೊಂಡೇ ಓಡುತ್ತಿದ್ದರು. ಏಳು ಗಂಟೆಗೆ ಸರಿಯಾಗಿ ಸೊಂಟ ಮಾತಾಡುತ್ತಿತ್ತು.

"ರೀ... ಎಲ್ಲಿದ್ದೀರೀ?"

"ಇಲ್ಲೇ, ಫೋರ್ತ್ ಬ್ಲಾಕ್ ಹತ್ರ."

ನಾವು ಆಗ ತುರಹಳ್ಳಿ ಕಾಡಿನ ಬಂಡೆ ಮೇಲೆ ಇರುತ್ತಿದ್ದೆವು. ಇಲ್ಲವಾದರೆ ಹುಳಿಮಾವು ಕೆರೆ ಏರಿ ಮೇಲೆ.

"ಫೋರ್ತ್ ಬ್ಲಾಕಲ್ಲಿ ನವಿಲು ಕೂಗತ್ತಾ? ಮಾತ್ರೆ ತಗೊಂಡ್ರಾ? ತಿಂಡಿ ಆರ್ಹೋಗ್ತಿದೆ."

ಆ ಎಳೆದ 'ರೀ', ಕೊನೆಯ ಮಾತಿನ ಮೇಲಿನ ಏರು, ಫೋನಿನ ಕರಕರ, ಎಲ್ಲ ನನ್ನ ಗಂಟಲಿಗೆ ಬಂದಿತ್ತು. ಆಂಟಿಯನ್ನು ನಾನು ಮುಖತಃ ನೋಡಿದ್ದು ಎರಡೇ ಸಲ, ಎರಡು ಸಲವೂ ಅವರು ನಕ್ಕು ಒಳಗೆ ಹೋಗಿ ಕೋಸಂಬರಿ ತಂದುಕೊಟ್ಟರು, ಮಾತಾಡಲಿಲ್ಲ. ಆದರೂ ದರ್ಶಿನಿಯಲ್ಲಿ ಅವರ ದನಿ ಮಾಡಿದರೆ ಅಂಕಲ್‌ಗೆ ನಗು ತಡೆಯಲಾಗದೆ ಕಾಫಿ ಮೂಗಿಗೆ ಹತ್ತುತ್ತಿತ್ತು. "ಲೋ, ನಿಲ್ಸೋ, ನಾನು ಮನೇಲೂ ಇದನ್ನೇ ಕೇಳ್ಬೇಕು" ಎನ್ನುತ್ತಿದ್ದರು.

ಒಂದು ಭಾನುವಾರ ಅಂಕಲ್ ಬರಲಿಲ್ಲ. ಏಳು ಗಂಟೆಯಾದರೂ ಸುದ್ದಿಯಿಲ್ಲ. ಮಲಗಿಬಿಟ್ಟಿದ್ದಾರೆ ಎಂದುಕೊಂಡು ನಾನು ಅವರ ನಂಬರಿಗೆ ಫೋನ್ ಮಾಡಿದೆ, ಎಂಟು ಜನ ಸುತ್ತ ನಿಂತು ನಗು ತಡೆದುಕೊಂಡಿರುವಾಗ. ಅವರು ಎತ್ತಿದರು.

"ರೀ... ಎಲ್ಲಿದ್ದೀರೀ?" ಎಂದೆ.

ಅಂಕಲ್ ತುಂಬ ಮೆತ್ತಗೆ, "ಇಲ್ಲೇ ಇದೀನಿ ಕಣೇ" ಎಂದರು. ಫೋನ್ ಕಟ್ಟಾಯಿತು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಂಟಿ ಅವತ್ತು ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ನನ್ನ ಫೋನ್ ಹೋದಾಗ ಅಂಕಲ್ ಅದೇ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಇದು ನಮಗೆ ಗೊತ್ತಾದದ್ದು ಮಧ್ಯಾಹ್ನ, ಗುಂಪಿನಲ್ಲಿ ಯಾರೋ ಹಾಕಿದ ಮೆಸೇಜಿನಿಂದ.

ಅಂತ್ಯಕ್ರಿಯೆಗೆ ಹೋದೆ, ಎಲ್ಲರ ಹಿಂದೆ ನಿಂತೆ. ಅಂಕಲ್ ನನ್ನ ಕೈ ಹಿಡಿದು "ತಿಂಡಿ ಆಯ್ತಾ?" ಎಂದರು, ಅಷ್ಟೆ. ಆಮೇಲೆ ಅವರು ಓಟಕ್ಕೆ ಬರುವುದು ನಿಂತಿತು. ನಾನು ದನಿ ಮಾಡುವುದೂ ನಿಂತಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಸುಳ್ಳು. ಉಳಿದವರದ್ದೆಲ್ಲ ಮಾಡುತ್ತಿದ್ದೆ. ಆಂಟಿಯದು ಮಾತ್ರ ಇಲ್ಲ. ಏಳು ಗಂಟೆಯಾದರೆ ಗುಂಪಿನಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದೆವು, ಯಾರದೋ ಸೊಂಟ ಮಾತಾಡಬೇಕಿತ್ತೆಂಬಂತೆ. ಅಂಕಲ್ ಮನೆಯ ರಸ್ತೆ ಬಂದರೆ ನಾನು ಒಂದು ತಿರುವು ಮೊದಲೇ ತಿರುಗಿಕೊಳ್ಳುತ್ತಿದ್ದೆ. ಮನಸ್ಸು ಮಾತ್ರ ಆ ರಸ್ತೆಯಲ್ಲೇ ಹೋಗುತ್ತಿತ್ತು.

ಹತ್ತು ತಿಂಗಳ ಮೇಲೆ ಅವರು ಅಂಗಡಿಗೆ ಬಂದರು. ತೆಳ್ಳಗಾಗಿದ್ದರು. ಶೂ ಬಗ್ಗಿಸಿ ನೋಡಲಿಲ್ಲ.

"ಕನಕಪುರ ರಸ್ತೆ ಆಚೆ ರಾತ್ರಿ ಓಟ ಇದೆಯಂತಲ್ಲ. ನೀನು ಹೋಗ್ತೀಯಂತೆ. ನನ್ ಹೆಸರೂ ಕೊಡು."

"ಅಂಕಲ್, ಅದು ಎಪ್ಪತ್ತೈದು ಕಿಲೋಮೀಟರ್. ಸಂಜೆ ಐದರಿಂದ ಬೆಳಗ್ಗೆ ಏಳರ ತನಕ. ನಿಮಗೆ ಅರವತ್ತಮೂರು."

"ನಿದ್ದೆ ಹೆಂಗೂ ಬರಲ್ಲ ಕಣೋ. ಮನೇಲಿ ಎದ್ದಿರೋ ಬದ್ಲು ಅಲ್ಲಿ ಎದ್ದಿರ್ತೀನಿ."

ಹೆಸರು ಕೊಟ್ಟೆ. ಪದಕ ನನಗೆ ಬೇಕಿರಲಿಲ್ಲ. ಹದಿನಾಲ್ಕು ಗಂಟೆ ಅವರ ಪಕ್ಕದಲ್ಲಿರುತ್ತೇನೆ, ಎಲ್ಲಾದರೂ ಒಂದು ಕಡೆ ಅವತ್ತು ಆ ಫೋನ್ ಮಾಡಿದ್ದಕ್ಕೆ ಕ್ಷಮೆ ಕೇಳುತ್ತೇನೆ, ಅದೊಂದೇ ಲೆಕ್ಕಾಚಾರ.

ಓಟ ಆರು ಸುತ್ತು. ಒಂದೊಂದು ಸುತ್ತೂ ಹನ್ನೆರಡೂವರೆ ಕಿಲೋಮೀಟರ್: ಮಾವಿನ ತೋಪು, ಕೆರೆ ಏರಿ, ರೇಷ್ಮೆ ಸೊಪ್ಪಿನ ತೋಟದ ಅಂಚು, ನೀಲಗಿರಿ ತೋಪು, ಅಲ್ಲಿಂದ ಬಂಡೆಗಳ ಗುಡ್ಡ, ಇಳಿದರೆ ಮತ್ತೆ ಪೆಂಡಾಲು. ಹಣೆಗೆ ದೀಪ ಕಟ್ಟಿಕೊಂಡು ನೂರಿನ್ನೂರು ಜನ ಹೊರಟೆವು. ಮೊದಲ ಎರಡು ಸುತ್ತು ಜಾತ್ರೆಯಂತಿತ್ತು. ಪೆಂಡಾಲಿನಲ್ಲಿ ಉಪ್ಪು ಹಾಕಿದ ಆಲೂಗಡ್ಡೆ, ಮೊಸರನ್ನ, ಗ್ಯಾಸ್ ಹೋದ ಕೋಲಾ. ಅಂಕಲ್ ಅಲ್ಲಿನ ನೀರಿನ ಟ್ಯಾಂಕರಿನ ನಲ್ಲಿ ಸೋರುವುದನ್ನು ಕಂಡು, ಓಟ ನಿಲ್ಲಿಸಿ, ಅದಕ್ಕೆ ಪ್ಲಾಸ್ಟಿಕ್ ಸುತ್ತಿ ಬಿಗಿದು ಬಂದರು. "ಆರು ನಿಮಿಷ ಹೋಯ್ತು ಅಂಕಲ್!" ಎಂದರೆ, "ನೀರು ಹೋಗೋದಕ್ಕಿಂತ ಮೇಲು" ಎಂದರು.

ಎರಡನೇ ಸುತ್ತಿನಲ್ಲಿ, ಕೆರೆ ಏರಿಯ ಮೇಲೆ, "ಅಂಕಲ್, ಒಂದು ವಿಷ್ಯ ಹೇಳ್ಬೇಕಿತ್ತು" ಎಂದು ಶುರು ಮಾಡಿದೆ. ಮುಂದಿನ ಮಾತು ನಮ್ಮ ಅಂಗಡಿಯ ಮಾಲೀಕರ ಮೂಗಿನ ದನಿಯಲ್ಲಿ ಬಂತು. ಅಂಕಲ್ ನಕ್ಕರು. ಮೂರನೇ ಸುತ್ತಿನಲ್ಲಿ ಮತ್ತೆ ಪ್ರಯತ್ನಿಸಿದೆ, ಈ ಸಲ ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಸೆಕ್ರೆಟರಿ ಬಂದರು. "ಏನೋ ಹೇಳ್ತೀನಿ ಅಂದೆ?" ಎಂದರು ಅಂಕಲ್. "ಪಾರ್ಕಿಂಗ್ ಬಗ್ಗೆ" ಎಂದುಬಿಟ್ಟೆ.

ನಾಲ್ಕನೇ ಸುತ್ತು ಮುಗಿಯುವ ಹೊತ್ತಿಗೆ ಒಂದೂ ಮುಕ್ಕಾಲು. ಅರ್ಧಕ್ಕರ್ಧ ಜನ ಬಿಟ್ಟು ಹೋಗಿದ್ದರು. ದೀಪಗಳ ಸಾಲು ಹರಿದು, ಅಲ್ಲೊಂದು ಇಲ್ಲೊಂದು ಉಳಿದಿತ್ತು. ಐದನೇ ಸುತ್ತಿನಲ್ಲಿ ಗುಡ್ಡ ಹತ್ತುವಾಗ ಅಂಕಲ್ ಒಂದು ಬಂಡೆ ಮೇಲೆ ಕೂತುಬಿಟ್ಟರು. ದೀಪ ಆರಿಸಿದರು. ನಾನೂ ಆರಿಸಿದೆ. ದೂರದಲ್ಲಿ ಬೆಂಗಳೂರು ಆಕಾಶದ ಒಂದು ಮೂಲೆಯನ್ನು ಕೆಂಪಗೆ ಮಾಡಿತ್ತು.

"ಈಗ ಅವಳ ದನಿ ಮಾಡು" ಎಂದರು.

ನಾನು ನೀರಿನ ಬಾಟಲಿಯ ಮುಚ್ಚಳ ತೆಗೆದೆ, ಕುಡಿಯದೆ ಮತ್ತೆ ಹಾಕಿದೆ.

"ಅವತ್ತು ಫೋನಲ್ಲಿ ಮಾಡಿದ್ಯಲ್ಲ. ಅದು."

"ಅಂಕಲ್, ಅವತ್ತು ನಂಗೆ ಗೊತ್ತಿರ್ಲಿಲ್ಲ..."

"ಗೊತ್ತಿರ್ಲಿಲ್ಲ ಅಂತ ಗೊತ್ತು ಕಣೋ. ಫೋನ್ ಮೇಲೆ ನಿನ್ ಹೆಸರು ಬಂದಿತ್ತು. ನೋಡೇ ಎತ್ತಿದ್ದು."

"ಮತ್ತೆ... ಇಲ್ಲೇ ಇದೀನಿ ಅಂದ್ರಿ?"

"ಅಂದೆ. ಹಂಗೆ ಕೇಳಿದ್ರೆ ಇನ್ನೇನನ್ನಲಿ?"

ಹತ್ತು ತಿಂಗಳು ನಾನು ಅವರನ್ನು ಒಂದು ಕ್ಷಣ ಮೋಸಗೊಳಿಸಿದೆ ಎಂದುಕೊಂಡು ಕೊರಗಿದ್ದೆ. ಅವರು ಮೋಸಹೋಗಿರಲಿಲ್ಲ. ನಾನೇ ಎಂದು ತಿಳಿದೂ ಉತ್ತರ ಕೊಟ್ಟಿದ್ದರು. ಇದು ಹಗುರವೋ ಭಾರವೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಮಾಡಿದೆ. "ರೀ... ಎಲ್ಲಿದ್ದೀರೀ? ಮಾತ್ರೆ ತಗೊಂಡ್ರಾ?"

ಅವರು ತಲೆ ತಗ್ಗಿಸಿ ಕೇಳಿದರು. ನಾನು ಅಳು ಬರುತ್ತದೆ ಎಂದುಕೊಂಡೆ. ಅವರು ತಲೆಯಾಡಿಸಿದರು, ಪೈಪ್ ಸರಿಯಾಗಿ ಕೂತಿಲ್ಲ ಎನ್ನುವವರ ಥರ.

"ಇದು ಫೋನಿನ ದನಿ. ಫೋನಲ್ಲಿ ಅವಳು ಕೂಗೋಳು, ನಾನು ದೂರ ಇದೀನಿ ಅಂತ. ಮನೇಲಿ ಹಂಗಲ್ಲ."

"ವಾಯ್ಸ್ ಮೆಸೇಜ್ ಏನಾದ್ರೂ ಇಲ್ವಾ ಅಂಕಲ್?"

"ಇದೆ, ಹದಿನಾಲ್ಕು. ಎಲ್ಲಾ ಕೊತ್ತಂಬರಿ, ಹಸಿಮೆಣ್ಸಿನಕಾಯಿ. ಅವೂ ಕೂಗಿದ್ದೇ. ಮನೇಲಿರೋ ದನಿನ ಯಾರು ರೆಕಾರ್ಡ್ ಮಾಡ್ಕೋತಾರೆ ಹೇಳು. ಮನೇಲೇ ಇರತ್ತಲ್ಲ ಅಂತ." ಮೊಣಕಾಲು ಉಜ್ಜಿಕೊಳ್ಳುತ್ತಾ ಹೇಳಿದರು, "ಅದು ಮರೀತಾ ಇದೆ ಕಣೋ ನಂಗೆ. ಮುಖ ಫೋಟೋದಲ್ಲಿದೆ. ದನಿ ದಿನಾ ಸ್ವಲ್ಪ ಸ್ವಲ್ಪ ಹೋಗ್ತಾ ಇದೆ. ನಿಂಗೆ ಹೇಳ್ಕೊಡ್ತೀನಿ, ನೀನು ಮಾಡು. ಅದಕ್ಕೇ ಬಂದಿದ್ದು."

ಎದ್ದರು. ದೀಪ ಹಚ್ಚಿಕೊಂಡು ನಡೆಯತೊಡಗಿದೆವು, ಅವರು ಹೇಳುತ್ತಾ, ನಾನು ಮಾಡುತ್ತಾ.

ಆಂಟಿ ಹುಟ್ಟಿ ಬೆಳೆದದ್ದು ವಿಲ್ಸನ್ ಗಾರ್ಡನ್ನಿನ ಒಂದು ವಠಾರದಲ್ಲಂತೆ, ಎರಡು ಕೋಣೆಯಲ್ಲಿ ಒಂಬತ್ತು ಜನ. ಅಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರಿಂದ ಆಂಟಿ ಗದ್ದಲ ಇಳಿಯುವ ತನಕ ಕಾದು, ಆಮೇಲೆ ಮೆತ್ತಗೆ ಒಂದೇ ಮಾತು ಆಡುವುದನ್ನು ರೂಢಿ ಮಾಡಿಕೊಂಡಿದ್ದರು. ಭಾನುವಾರ ಓಡಿ ಬಂದು ಅಂಕಲ್ ಬಾಗಿಲು ತಳ್ಳಿದರೆ, ಹುರುಳಿಕಾಯಿ ಹೆಚ್ಚುತ್ತಿದ್ದವರು ತಲೆ ಎತ್ತದೆ, "ಬಂದ್ರಾ?" ಎನ್ನುತ್ತಿದ್ದರು. ಅಷ್ಟೇ. ಅದು ಬೇಕಿತ್ತು ಅಂಕಲ್‌ಗೆ. ಒಂದೇ ಒಂದು ಮಾತು.

"ಬಂದ್ರಾ?" ಎಂದೆ.

"ಜಾಸ್ತಿ ಆಯ್ತು. ವಾಲ್ವ್ ಸ್ವಲ್ಪ ಮುಚ್ಚು."

"ಬಂದ್ರಾ."

"ಈಗ ಪೂರ್ತಿ ಮುಚ್ಬಿಟ್ಟೆ. ಕಾಲು ಸುತ್ತು ತಿರುಗ್ಸು."

"ಬಂದ್-ರಾ?"

"ಅದು ಪೊಲೀಸ್ನೋರು ಕೇಳೋದು."

ನೀಲಗಿರಿ ತೋಪು ದಾಟಿ ಬಂದ ಓಟಗಾರರೊಬ್ಬರು ನಮ್ಮ ಹಿಂದೆ ಕುಂಟುತ್ತಾ ಬರುತ್ತಿದ್ದರು. ಕತ್ತಲಲ್ಲಿ ಒಬ್ಬ ಹುಡುಗ ಹೆಂಗಸಿನ ದನಿಯಲ್ಲಿ ಬಂದ್ರಾ, ಬಂದ್ರಾ ಎನ್ನುವುದನ್ನು ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದರೋ, "ಬರ್ತಾ ಇದೀನಿ ಗುರು, ನೀವ್ ಹೋಗಿ, ನಂಗೋಸ್ಕರ ಕಾಯ್ಬೇಡಿ" ಎಂದು ಕೂಗಿದರು. ಅಂಕಲ್ ನಕ್ಕು ನಕ್ಕು ಒಂದು ಮರ ಹಿಡಿದುಕೊಂಡರು. ಹತ್ತು ತಿಂಗಳಲ್ಲಿ ನಾನು ಕೇಳಿದ ಅವರ ಮೊದಲ ನಿಜವಾದ ನಗು.

ನಲವತ್ತು ಸಲವೋ ಐವತ್ತು ಸಲವೋ ಮಾಡಿರಬೇಕು. ನನ್ನ ಜೀವನದಲ್ಲಿ ಒಂದು ದನಿ ಇಷ್ಟು ಸತಾಯಿಸಿರಲಿಲ್ಲ. ನಾನು ಕೇಳಿರದ ದನಿ ಅದು. ಅವರು ಹೇಳಿದ್ದನ್ನು ಕಟ್ಟುತ್ತಿದ್ದೆ, ಕಟ್ಟಿದ್ದೆಲ್ಲ ಗೊಂಬೆಯಾಗುತ್ತಿತ್ತು. ಐದನೇ ಸುತ್ತು ಮುಗಿಸಿ ಪೆಂಡಾಲಿಗೆ ಬಂದಾಗ ನಾಲ್ಕೂವರೆ. ಅಂಕಲ್ ಮೊಸರನ್ನದ ತಟ್ಟೆ ಹಿಡಿದು ಕುರ್ಚಿಯಲ್ಲಿ ಕೂತು, "ಬಿಡು ಮರಿ. ನಿನ್ ತಪ್ಪಲ್ಲ. ಅದು ಬರಲ್ಲ" ಎಂದರು. ತಟ್ಟೆಯನ್ನು ನೋಡುತ್ತಾ ಹೇಳಿದರು, ನನ್ನನ್ನಲ್ಲ.

ಕೊನೆಯ ಸುತ್ತಿಗೆ ಎರಡೂವರೆ ಗಂಟೆ ಉಳಿದಿತ್ತು. "ನೀನು ಮುಂದೆ ಹೋಗು, ನಂಗೋಸ್ಕರ ನಿಂತ್ರೆ ನಿಂಗೂ ಟೈಮ್ ಮೀರತ್ತೆ. ನಾನು ಸಾವಕಾಶವಾಗಿ ಬರ್ತೀನಿ" ಎಂದರು. ವಾದ ಮಾಡಿದೆ, ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅವರ ಪಕ್ಕದಿಂದ ಓಡಿಹೋಗಬೇಕೆನಿಸಿತ್ತು. ಅವರಿಗೆ ಬೇಕಿದ್ದದ್ದು ಒಂದೇ ಮಾತು, ಅದನ್ನೂ ಕೊಡಲಾಗದ ಗಂಟಲು ಹೊತ್ತುಕೊಂಡು ಅವರ ಜೊತೆ ಹೇಗೆ ನಡೆಯಲಿ? ಓಡಿದೆ. ತೋಪು, ಏರಿ, ರೇಷ್ಮೆ ತೋಟ. ಗುಡ್ಡದ ನೆತ್ತಿಗೆ ಬಂದು ತಿರುಗಿ ನೋಡಿದೆ.

ಕೆಳಗೆ ನೀಲಗಿರಿ ತೋಪಿನಲ್ಲಿ ಒಂದೇ ಒಂದು ದೀಪ. ಅಲುಗಾಡುತ್ತಿರಲಿಲ್ಲ.

ನಿಂತೆ. ಇಳಿದು ಹೋಗಲೆಂದರೆ ಮೊಣಕಾಲು ಬಗ್ಗುತ್ತಿಲ್ಲ. ಕೂಗೋಣವೆಂದರೆ ಗಂಟಲು ರಾತ್ರಿಯಿಡೀ ಖರ್ಚಾಗಿ ಉಸಿರಷ್ಟೇ ಉಳಿದಿತ್ತು. ಐದು ನಿಮಿಷ. ಹತ್ತು ನಿಮಿಷ. ಅವರ ಎದೆ, ಅವರ ಮಾತ್ರೆ, ಅರವತ್ತಮೂರು, ಏನೇನೋ ತಲೆಗೆ ಬಂತು. ಏಳು ಗಂಟೆಗೆ ಫೋನ್ ಮಾಡಿ ಮಾತ್ರೆ ಕೇಳುತ್ತಿದ್ದವರು ಪ್ರತಿ ಭಾನುವಾರ ಏನು ಹೊತ್ತುಕೊಂಡು ಕೂತಿರುತ್ತಿದ್ದರು ಎಂಬುದು ಆ ಬಂಡೆಯ ಮೇಲೆ ನನಗೆ ಮೊದಲ ಸಲ ತಿಳಿಯಿತು. ಅದನ್ನು ನಾನು ತಮಾಷೆಯ ದನಿ ಮಾಡಿ, ವಡೆ ತಿನ್ನುತ್ತಾ, ಎಂಟು ಜನರಿಗೆ ಹಂಚಿದ್ದೆ.

ದೀಪ ಅಲುಗಾಡಿತು. ನಿಧಾನವಾಗಿ ಗುಡ್ಡ ಹತ್ತತೊಡಗಿತು. ಎದೆ ಹಗುರಾಗಿ, ಸಡಿಲವಾಗಿದ್ದ ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದೆ. ಕಲ್ಲಿನ ಮೇಲೆ ಹೆಜ್ಜೆ ಸದ್ದು ಹತ್ತಿರವಾದಾಗ ತಲೆ ಎತ್ತದೆ, "ಬಂದ್ರಾ?" ಎಂದೆ.

ಹೆಜ್ಜೆ ನಿಂತಿತು.

ತಲೆ ಎತ್ತಿದೆ. ಅವರ ಹಣೆಯ ದೀಪ ಕಣ್ಣಿಗೆ ಹೊಡೆಯುತ್ತಿತ್ತು, ಮುಖ ಕಾಣಲಿಲ್ಲ. ಆಮೇಲೆ "ಹ್ಞೂಂ" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬಂದು ನನ್ನ ಪಕ್ಕ ಕೂತರು. "ಇನ್ನೊಂದ್ಸಲ ಅನ್ನು."

ಅಂದೆ. ಈ ಸಲ ಅದು ದನಿ ಮಾಡಿದಂತಾಯಿತು, ಮೊದಲಿನ ನಲವತ್ತರ ಜೊತೆ ಇನ್ನೊಂದು. ಅವರು ತಲೆಯಾಡಿಸಿದರು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮೊಣಕಾಲಿನ ಮೇಲೆ ಕೈಯಿಟ್ಟು, "ಸಾಕು. ಒಂದ್ಸಲ ಬಂತಲ್ಲ. ಸಾಕು" ಎಂದರು.

"ಅಂಕಲ್, ಅವತ್ತು ಫೋನ್ ಮಾಡಿದ್ದು ತಪ್ಪಾಯ್ತು" ಎಂದೆ. ಗಂಟಲು ಕಟ್ಟಿದ್ದರಿಂದಲೋ ಏನೋ ಬೇರೆ ಯಾರೂ ಬರಲಿಲ್ಲ, ನಾನೇ ಹೇಳಿದೆ. ನನ್ನ ದನಿ ಅಷ್ಟೇನೂ ಚೆನ್ನಾಗಿಲ್ಲ. ಸ್ವಲ್ಪ ಮೇಕೆ.

"ಹ್ಞೂಂ ಕಣೋ" ಎಂದರು. ಪೂರ್ವದ ಕಡೆ ಬಂಡೆಗಳು ಬಣ್ಣ ಬಿಡುತ್ತಿದ್ದವು. ಅವರು ದೀಪ ಆರಿಸಿ ಚೀಲಕ್ಕೆ ಹಾಕಿಕೊಂಡರು.

ನಾವು ಮುಗಿಸಿದ್ದು ಏಳು ದಾಟಿ ಹದಿನೇಳು ನಿಮಿಷಕ್ಕೆ. ಗಡಿಯಾರ ಬಿಚ್ಚಿ ಡಬ್ಬಕ್ಕೆ ಹಾಕುತ್ತಿದ್ದರು. ಟೈಮ್ ಮೀರಿದವರಿಗೆ ಪದಕವಿಲ್ಲ. ಪೆಂಡಾಲಿನ ಅಕ್ಕ ಒಬ್ಬರು ಪಾಪ ಅನ್ನಿಸಿ ಇಬ್ಬರಿಗೂ ಎರಡೆರಡು ಬಾಳೆಹಣ್ಣು ಕೊಟ್ಟರು. ಅವರೇ ಮೆಟ್ರೋ ನಿಲ್ದಾಣದ ತನಕ ವ್ಯಾನಿನಲ್ಲಿ ಬಿಟ್ಟರು. ಎಪ್ಪತ್ತೈದು ಕಿಲೋಮೀಟರ್ ಓಡಿದವರು ಎಸ್ಕಲೇಟರ್ ಕಡೆಗೆ ನಡೆದ ವೈಖರಿ ನೋಡಿ ಸೆಕ್ಯುರಿಟಿಯವರು "ಏನಾಯ್ತು ಸಾರ್, ಆಕ್ಸಿಡೆಂಟಾ?" ಎಂದರು. ಹೌದೆಂದೆವು.

ಜೆ.ಪಿ. ನಗರ ನಿಲ್ದಾಣ ಬಂತು, ನಾನು ಇಳಿಯಲಿಲ್ಲ. ಜಯನಗರದಲ್ಲಿ ಅವರ ಜೊತೆ ಇಳಿದು, ಒಂದು ವರ್ಷ ಹತ್ತಿರ ತಪ್ಪಿಸಿಕೊಂಡಿದ್ದ ಆ ರಸ್ತೆಯಲ್ಲಿ ಅವರ ಮನೆಯ ತನಕ ನಡೆದೆ. ಗೇಟಿನ ಹೊರಗೆ ನಿಂತೆ. ಅವರು ಮೊಣಕಾಲು ಬಗ್ಗದ್ದರಿಂದ ಹಿಂದುಮುಂದಾಗಿ ಮೆಟ್ಟಿಲು ಹತ್ತಿ, ಬೀಗ ತೆಗೆದು, ಬಾಗಿಲು ತಳ್ಳಿದರು. ಒಳಗೆ ಕತ್ತಲೆ, ಕಿಟಕಿಗಳೆಲ್ಲ ಮುಚ್ಚಿದ್ದವು.

ಬಾಯಿ ತೆರೆದರೆ ಆಗಿತ್ತು. ಹುಟ್ಟಿದಾಗಿನಿಂದ ಸುಮ್ಮನಿರಲು ಬಾರದ ಬಾಯಿ. ಆದರೆ ನಾನು ಗೇಟಿನ ಹೊರಗಿದ್ದೆ. ಆ ಮಾತು ಕೇಳಿಸಬೇಕಾದದ್ದು ಒಳಗಿನಿಂದ.

ಅಂಕಲ್ ತಿರುಗಿ ನೋಡಿದರು. "ಏನೋ?"

"ಏನಿಲ್ಲ ಅಂಕಲ್."

"ಹೋಗು, ಹೋಗಿ ಮಲ್ಕೋ."

ನಾನು ಹೋಗಲಿಲ್ಲ. ಅವರೂ ತಕ್ಷಣ ಒಳಗೆ ಹೋಗಲಿಲ್ಲ. ಒಂದು ಮಾತಿಗೆ ಬೇಕಾಗುವಷ್ಟು ಹೊತ್ತು ಹೊಸ್ತಿಲ ಮೇಲೆ ನಿಂತಿದ್ದು, ಆಮೇಲೆ ಒಳಗೆ ಕಾಲಿಟ್ಟರು.